ಪೇತ್ರನ ಪಡೆಯ ಭಾನುವಾರ

ನನ್ನ ಮೈದುನ ದೇವರ ಸೇನಾಪತಿಯಾದದ್ದು ಅವನ ಟೈರ್ ಅಂಗಡಿ ಮುಚ್ಚಿದ ಮೇಲೆ. ಅದಕ್ಕೆ ಮೊದಲು ಅವನಿಗೆ ದೇವರ ನೆನಪಾಗುತ್ತಿದ್ದದ್ದು ಪಂಕ್ಚರ್ ಹಾಕುವಾಗ ಬೆರಳು ಜಜ್ಜಿಕೊಂಡರೆ ಮಾತ್ರ. ಈಗ ಎದೆಯ ಮೇಲೆ ಶಿಲುಬೆ ಹೊಲಿಸಿಕೊಂಡ ಹಸಿರು ಅಂಗಿ, ಸೊಂಟಕ್ಕೆ ಅಗಲದ ಬೆಲ್ಟು, ಭುಜಕ್ಕೆ ಬಂದೂಕು. ಎಲ್ಲರೂ ಅವನನ್ನು ಕ್ಯಾಪ್ಟನ್ ಎನ್ನುತ್ತಾರೆ. ನಾನು ಅನ್ನುವುದಿಲ್ಲ. ತನ್ನ ಮದುವೆಯ ದಿನ ಹೊಸ ಬೂಟಿನ ಲೇಸು ಕಟ್ಟಲು ಬಾರದೆ, "ಅತ್ತಿಗೆ, ಸ್ವಲ್ಪ ನೋಡಿ" ಎಂದು ನನ್ನ ಮುಂದೆ ಕಾಲು ಚಾಚಿ ಕೂತವನನ್ನು ಕ್ಯಾಪ್ಟನ್ ಎಂದು ಕರೆಯಲು ನನ್ನ ನಾಲಿಗೆ ಹೊರಳುವುದಿಲ್ಲ.

ಪಡೆಯ ಹೆಸರು ಪೇತ್ರನ ಪಡೆ. ಹೆಸರಿಟ್ಟವನೂ ಅವನೇ. ಕರ್ತನನ್ನು ಹಿಡಿಯಲು ಸೈನಿಕರು ಬಂದಾಗ ಶಿಷ್ಯರಲ್ಲಿ ಕತ್ತಿ ಎಳೆದವನು ಪೇತ್ರನೊಬ್ಬನೇ, ಗಂಡಸು ಅಂದರೆ ಅವನೇ ಎಂದು ಅವನ ವಾದ. ಪೇತ್ರ ಕತ್ತಿ ಬೀಸಿ ಯಾವನೋ ಆಳಿನ ಕಿವಿ ಹಾರಿಸಿದ, ಕರ್ತ ಅವನನ್ನು ಅಲ್ಲೇ ಗದರಿಸಿ, ಆಳಿನ ಕಿವಿ ಮುಟ್ಟಿ ವಾಸಿಮಾಡಿದ. ಇಷ್ಟು ಕಥೆ ನಮ್ಮಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಒಬ್ಬ ಮನುಷ್ಯ ಬೈಸಿಕೊಂಡ ಗಳಿಗೆಯನ್ನೇ ಹುಡುಕಿ ತೆಗೆದು ಅವನ ಹೆಸರನ್ನು ಹೆಮ್ಮೆಯಿಂದ ಇಟ್ಟುಕೊಂಡವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಈ ಪಡೆ ಹುಟ್ಟಿದ್ದು ನನ್ನ ಗಂಡನ ಸಾವಿನಿಂದ. ಕಳೆದ ವರ್ಷ ಸೇತುವೆಯಾಚೆಯ ಕೇರಿಯವರಿಗೂ ನಮಗೂ ಜಗಳ ಹತ್ತಿಕೊಂಡು, ಒಂದು ಭಾನುವಾರ ಆರಾಧನೆ ನಡೆಯುತ್ತಿದ್ದಾಗಲೇ ಅವರ ಗುಂಪು ಚರ್ಚಿನ ಮುಂದೆ ಬಂತು. ನನ್ನ ಗಂಡ ಎದ್ದು ಹೋಗಿ ಬಾಗಿಲಲ್ಲಿ ನಿಂತರು. ಕೈಯಲ್ಲಿ ಏನೂ ಇರಲಿಲ್ಲ. "ಒಳಗೆ ಮಕ್ಕಳಿದಾರೆ, ಹೋಗ್ರಪ್ಪ" ಅಂದದ್ದು ನಮಗೆಲ್ಲ ಕೇಳಿಸಿತು. ಸ್ವಲ್ಪ ಹೊತ್ತು ಗಲಾಟೆ ನಿಂತಿತು. ಮುಂದೆ ಇದ್ದ ಕೆಲವರು ಹಿಂದಕ್ಕೆ ತಿರುಗಿದರಂತೆ. ಅಷ್ಟರಲ್ಲಿ ಯಾರೋ ಎಸೆದ ಕಲ್ಲು ನನ್ನ ಗಂಡನ ತಲೆಗೆ ಬಿತ್ತು. ರಕ್ತ ನೋಡಿ ಗುಂಪು ಚದುರಿತು, ಒಳಗೆ ಒಬ್ಬರಿಗೂ ಗಾಯವಾಗಲಿಲ್ಲ. ಆಸ್ಪತ್ರೆಯಲ್ಲಿ ಅವರಿಗೆ ಮತ್ತೆ ಎಚ್ಚರವಾಗಲಿಲ್ಲ.

ಆಮೇಲೆ ಅವರು ನಡೆಸುತ್ತಿದ್ದ ಬೇಕರಿ ನನ್ನ ಮತ್ತು ಮಗನ ಪಾಲಿಗೆ ಬಂತು. ಹಿಟ್ಟು ನಾದುವುದು ಅವನು, ಓವನ್ ನೋಡಿಕೊಳ್ಳುವುದು ನಾನು. ಮಗನಿಗೆ ಇಪ್ಪತ್ತೆರಡು ವರ್ಷ. ಅಪ್ಪನ ಭುಜ, ಅಪ್ಪನ ಮೌನ. ವರ್ಷವಿಡೀ ಅವನು ಅತ್ತದ್ದನ್ನು ನಾನು ನೋಡಲಿಲ್ಲ. ಹಿಟ್ಟನ್ನು ಮಾತ್ರ ಎತ್ತಿ ಎತ್ತಿ ಮೇಜಿಗೆ ಬಡಿಯುತ್ತಿದ್ದ.

ಮೈದುನ ಬೇಕರಿಗೆ ಬಂದದ್ದು ಒಂದು ಗುರುವಾರ ಮಧ್ಯಾಹ್ನ. ಬನ್ನಿನ ಟ್ರೇಗಳನ್ನು ಹೊರಗೆಳೆಯುತ್ತಿದ್ದೆ. ಬಂದೂಕನ್ನು ಮೈದಾ ಮೂಟೆಗೆ ಒರಗಿಸಿ, ಕೇಳದೆಯೇ ಒಂದು ಬನ್ನು ಎತ್ತಿಕೊಂಡ.

"ಅತ್ತಿಗೆ, ಬರೋ ಭಾನುವಾರ ಪ್ರಭು ಭೋಜನ. ರೊಟ್ಟಿ ಸ್ವಲ್ಪ ದೊಡ್ಡದಾಗಿ ಮಾಡಿ. ಜನ ಜಾಸ್ತಿ ಬರ್ತಾರೆ."

"ಯಾಕೆ, ಏನು ವಿಶೇಷ?"

"ಪಡೆಗೆ ಆಶೀರ್ವಾದ. ಮೇಜಿನ ಮುಂದೆ ಬಂದೂಕು ಕೊಡ್ತೀವಿ ಹುಡುಗರಿಗೆ. ಮೊದಲ್ನೇದು ನಮ್ಮವನಿಗೆ. ಅಣ್ಣನ ಹೆಸರಲ್ಲಿ."

ನಮ್ಮವನು ಅಂದರೆ ನನ್ನ ಮಗ. ಅವನು ಹಿಂದೆ ನಿಂತು ನಾದುತ್ತಿದ್ದ, ಕೈ ನಿಲ್ಲಿಸಲಿಲ್ಲ. ಅವನಿಗೆ ಮೊದಲೇ ಗೊತ್ತಿತ್ತು ಎಂಬುದು ಅವನ ಬೆನ್ನು ನೋಡಿಯೇ ನನಗೆ ತಿಳಿಯಿತು. ಕೈಯಲ್ಲಿದ್ದ ಟ್ರೇಯನ್ನು ಮೇಜಿಗೆ ಕುಕ್ಕಿದೆ.

"ಕರ್ತನ ಮೇಜಿನ ಮುಂದೆ ಬಂದೂಕಾ? ನಿನಗೆ ತಲೆ ನೆಟ್ಟಗಿದೆಯಾ?"

ಅವನು ಅದಕ್ಕೇ ಕಾದಿದ್ದ. ಇಂಥವರಿಗೆಲ್ಲ ಒಂದು ವಚನ ಬಾಯಿಪಾಠ ಇರುತ್ತದೆ. "ಅಂಗಿ ಮಾರಿಯಾದ್ರೂ ಕತ್ತಿ ತಗೊಳ್ಳಿ ಅಂತ ಕರ್ತನೇ ಹೇಳಿಲ್ವಾ ಅತ್ತಿಗೆ? ಅದು ಯಾರ ಮಾತು, ನಂದಾ?"

"ಹೇಳಿದ. ಶಿಷ್ಯರು ಹುಡುಕಿ ತಡಕಿ, ಸ್ವಾಮಿ, ಇಲ್ಲಿ ಎರಡಿದೆ ಅಂದ್ರು. ಸಾಕು ಅಂದ. ಅಷ್ಟೂ ಜನಕ್ಕೆ ಎರಡು ಕತ್ತಿ ಸಾಕಾಯ್ತು. ಅದರಲ್ಲೂ ಒಂದನ್ನ ಎಳೆದ ತಕ್ಷಣ ಒಳಗಿಡು ಅಂದ. ನೀನು ಎಷ್ಟು ತರಿಸಿದ್ದೀಯ?"

"ಮೂವತ್ತು."

"ಕರ್ತನಿಗಿಂತ ನಿನಗೆ ಭಯ ಜಾಸ್ತಿ ಅನ್ನು."

ಮಗ ನಕ್ಕನೇನೋ ಎಂದು ತಿರುಗಿ ನೋಡಿದೆ. ನಕ್ಕಿರಲಿಲ್ಲ. ಮೈದುನ ಬನ್ನು ಕೆಳಗಿಟ್ಟ. ಮುಖದ ಗತ್ತು ಇಳಿದು, ದನಿಯೂ ತಗ್ಗಿತು.

"ಅತ್ತಿಗೆ, ಮಾತಲ್ಲಿ ನಿಮ್ಮನ್ನ ಗೆಲ್ಲೋರು ಯಾರಿದ್ದಾರೆ? ಒಂದೇ ಕೇಳ್ತೀನಿ. ಅವತ್ತು ಅಣ್ಣನ ಕೈಯಲ್ಲಿ ಒಂದು ಬಂದೂಕು ಇದ್ದಿದ್ರೆ ಇವತ್ತು ಅವನು ಈ ಟ್ರೇ ಎಳೀತಿರ್ತಿದ್ನೋ ಇಲ್ವೋ?"

ಆ ಪ್ರಶ್ನೆಯನ್ನು ನಾನೇ ನನಗೆ ಎಷ್ಟು ಸಲ ಕೇಳಿಕೊಂಡಿಲ್ಲ! ಅವರ ಕೈಯಲ್ಲಿ ಏನಾದರೂ ಇರಬೇಕಿತ್ತು, ಒಂದು ದೊಣ್ಣೆಯಾದರೂ, ಎಂದು ದಿಂಬು ಕಚ್ಚಿಕೊಂಡು ಅತ್ತವಳು ನಾನು. ನನಗೆ ಗಂಡ ಬೇಕಿತ್ತು, ಸಂತ ಬೇಕಿರಲಿಲ್ಲ. ಆದರೆ ಬಂದೂಕು ಇದ್ದಿದ್ದರೆ ಅವರು "ಹೋಗ್ರಪ್ಪ" ಎಂದು ಆ ದನಿಯಲ್ಲಿ ಹೇಳುತ್ತಿರಲಿಲ್ಲ, ಯಾರೂ ಹಿಂದಕ್ಕೆ ತಿರುಗುತ್ತಲೂ ಇರಲಿಲ್ಲ. ಸತ್ತವರು ಒಬ್ಬರಲ್ಲ, ಹತ್ತು ಜನರಾಗುತ್ತಿದ್ದರು. ಇದೆಲ್ಲ ನನಗೆ ಹೊಳೆಯುವಷ್ಟರಲ್ಲಿ ಮಗ ಮಾತಾಡಿದ.

"ಚಿಕ್ಕಪ್ಪ ಹೇಳೋದು ಸರಿ ಅಮ್ಮ."

ಮೈದುನ ಬಂದೂಕು ಎತ್ತಿಕೊಂಡು ಹೋದ. ಮೂಟೆಯ ಮೇಲಿನ ಹಿಟ್ಟು ಅದರ ಹಿಡಿಗೆ ಹತ್ತಿತ್ತು. ಅವನು ಕಚ್ಚಿದ ಬನ್ನು ಮೇಜಿನ ಮೇಲೆ ಹಾಗೇ ಇತ್ತು, ನಾನದನ್ನು ಕಸದ ಬುಟ್ಟಿಗೆ ಎಸೆದೆ.

ಮರುದಿನ ಪಾಸ್ಟರ ಕೋಣೆಗೆ ಹೋದೆ. ಒಳ್ಳೆಯವರು, ಆದರೆ ಯಾರೇ ಗಟ್ಟಿಯಾಗಿ ಮಾತಾಡಿದರೂ ಆ ಮಾತೇ ಸರಿ ಎನ್ನಿಸುವ ಸ್ವಭಾವ. ಕಿಟಕಿಯ ಹೊರಗೆ ಹೊಸ ಕಬ್ಬಿಣದ ಗೇಟು ಕಾಣುತ್ತಿತ್ತು. ಪಡೆಯವರು ಹಾಕಿಸಿದ್ದು.

"ಪಾಸ್ಟರೇ, ನೀವು ಬಂದೂಕಿನ ಮೇಲೆ ಕೈಯಿಟ್ಟು ಪ್ರಾರ್ಥನೆ ಮಾಡ್ತೀರಂತೆ?"

"ಛೆ ಛೆ, ಯಾರು ಹೇಳಿದ್ದು? ನಾನು ಹುಡುಗರನ್ನ ಆಶೀರ್ವದಿಸ್ತೀನಮ್ಮ, ಬಂದೂಕನ್ನಲ್ಲ."

"ಹಾಗಾದ್ರೆ ಕೈ ಖಾಲಿ ಇದ್ದಾಗ ಆಶೀರ್ವದಿಸಿ. ಬಂದೂಕು ಆಚೆ ಇಟ್ಟು ಬರಲಿ."

ಪಾಸ್ಟರು ಕನ್ನಡಕ ತೆಗೆದು ಒರೆಸತೊಡಗಿದರು. ಗಾಜಿನಲ್ಲಿ ಕೊಳೆಯೇನೂ ಇರಲಿಲ್ಲ. "ನೋಡಮ್ಮ, ಕುರುಬ ಕುರಿಗಳನ್ನ ಕಾಯಬೇಕಲ್ಲ. ತೋಳ ಬಂದ್ರೆ ಏನ್ಮಾಡೋದು?"

"ಕರ್ತನಂಥ ಕುರುಬ ಕುರಿಗೋಸ್ಕರ ತಾನು ಸಾಯ್ತಾನೆ ಅಂತ ನೀವೇ ನನ್ನ ಗಂಡನ ಪೆಟ್ಟಿಗೆ ಮುಂದೆ ನಿಂತು ಹೇಳಿದ್ರಿ. ಕುರಿ ಕೈಗೆ ಬಂದೂಕು ಕೊಡ್ತಾನೆ ಅಂತ ಹೇಳಲಿಲ್ಲ. ಅವತ್ತು ಹೇಳಿದ್ದು ಸುಳ್ಳಾ, ಇವತ್ತು ಹೇಳ್ತಿರೋದಾ?"

ಅವರು ಟೀ ಕುಡೀತೀರಾ ಅಂದರು. ನಾನು ಎದ್ದು ಬಂದೆ. ಒಬ್ಬ ಮನುಷ್ಯ ಕೆಟ್ಟವನಾಗಿದ್ದರೆ ಎದುರಿಸಬಹುದು. ಕೆಟ್ಟವನೂ ಅಲ್ಲದೆ ಬೆನ್ನುಮೂಳೆಯೂ ಇಲ್ಲದವನ ಜೊತೆ ಏನು ಮಾಡುವುದು? ಗೇಟು ದಾಟುವಾಗ ಅದನ್ನು ಬೇಕೆಂದೇ ಸದ್ದಾಗುವಂತೆ ಹಾಕಿದೆ.

ಶನಿವಾರ ಸಂಜೆಗೆ ಮೊದಲು ಪ್ರಭು ಭೋಜನದ ರೊಟ್ಟಿಗೆ ಹಿಟ್ಟು ಕಲಸಬೇಕು. ನಮ್ಮ ಸಭೆಗೆ ಒಂದೇ ದೊಡ್ಡ ರೊಟ್ಟಿ, ಅದನ್ನು ಮುರಿದು ಎಲ್ಲರಿಗೂ. ಈಸ್ಟ್ ಇಲ್ಲ, ಸಕ್ಕರೆ ಇಲ್ಲ, ಗೋಧಿ ಹಿಟ್ಟು, ನೀರು, ಚಿಟಿಕೆ ಉಪ್ಪು. ಅತ್ತೆಯವರ ಕಾಲದಿಂದ ಅದು ನಮ್ಮ ಮನೆಯ ಕೆಲಸ. ಮಗ ನಾದುತ್ತಿದ್ದ, ನಾನು ಅವನೆದುರು ಕೂತೆ.

"ಬೇಡ ಕಣೋ ಮಗನೇ. ನಾನು ಇನ್ನೇನೂ ಕೇಳಲ್ಲ. ಇದೊಂದು ಬೇಡ."

"ಅಮ್ಮ, ಅವತ್ತು ಅಪ್ಪ ಬಾಗಿಲಲ್ಲಿದ್ರು. ನಾನೆಲ್ಲಿದ್ದೆ?"

ಅವನು ಹಿಟ್ಟನ್ನು ಎತ್ತಿ ಮೇಜಿಗೆ ಬಡಿದ.

"ಬೆಂಚಿನ ಕೆಳಗಿದ್ದೆ. ಇಷ್ಟು ದೊಡ್ಡ ಮೈ ಇಟ್ಕೊಂಡು ಚಿಕ್ಕ ಮಕ್ಕಳ ಜೊತೆ ಬೆಂಚಿನ ಕೆಳಗಿದ್ದೆ."

"ನಿನ್ನ ಕಾಲರ್ ಹಿಡಿದು ಎಳೆದವಳು ನಾನು. ಇನ್ನೊಂದು ಸಲ ಹಾಗಾದ್ರೂ ಎಳೀತೀನಿ."

"ಗೊತ್ತು. ಅದಕ್ಕೇ ಬಂದೂಕು ಬೇಕು ನನಗೆ. ಯಾರೂ ನನ್ನನ್ನ ಎಳೀಬಾರದು." ಅವನ ಕಣ್ಣು ಕೆಂಪಾಗಿತ್ತು. "ದಾರೀಲಿ ಹೋಗೋರೆಲ್ಲ ಅಪ್ಪನ ಬಗ್ಗೆ ಹೇಳ್ತಾರೆ. ಆಮೇಲೆ ನನ್ನ ಮುಖ ನೋಡ್ತಾರೆ. ನಿನಗೆ ಗೊತ್ತಾಗಲ್ಲ ಅಮ್ಮ."

ಅಲ್ಲಿಯವರೆಗೆ ಇವನಿಗೆ ದ್ವೇಷ ಹತ್ತಿದೆ ಎಂದುಕೊಂಡಿದ್ದೆ. ದ್ವೇಷವಾಗಿದ್ದರೆ ಬಿಡಿಸಬಹುದಿತ್ತು. ಇದು ನಾಚಿಕೆ. ಮೈದುನ ಅದನ್ನು ನನಗಿಂತ ಮೊದಲೇ ಕಂಡುಹಿಡಿದಿದ್ದ. ಅವನ ಮೇಲೆ ನನಗಿದ್ದ ಸಿಟ್ಟು ಆ ಹೊತ್ತು ಎಲ್ಲೆ ಮೀರಿತು. ಮೂವತ್ತು ಬಂದೂಕು ತರಿಸಲಿ, ಮುನ್ನೂರು ತರಿಸಲಿ, ನನ್ನ ಮಗನ ನಾಚಿಕೆಗೆ ಕೈ ಹಾಕುವ ಹಕ್ಕು ಅವನಿಗೆ ಯಾರು ಕೊಟ್ಟರು?

ನಮ್ಮ ಸಭೆಯಲ್ಲಿ ಒಂದು ಕ್ರಮವಿದೆ. ರೊಟ್ಟಿ ಮುರಿಯುವ ಮೊದಲು ಪಾಸ್ಟರು, "ಯಾರಿಗಾದರೂ ಯಾರ ಮೇಲಾದರೂ ಮನಸ್ತಾಪ ಇದೆಯಾ?" ಎಂದು ಕೇಳಿ ಸ್ವಲ್ಪ ಹೊತ್ತು ಕಾಯುತ್ತಾರೆ. ಯಾರಾದರೂ ಎದ್ದು ಇದೆ ಎಂದರೆ ರೊಟ್ಟಿಯ ಮೇಲೆ ಬಟ್ಟೆ ಮುಚ್ಚುತ್ತಾರೆ. ಅವರಿಬ್ಬರೂ ರಾಜಿಯಾಗಿ ಕೈ ಹಿಡಿಯುವವರೆಗೆ, ಇಲ್ಲವೇ ಇಬ್ಬರಲ್ಲೊಬ್ಬರು ಹೊರಗೆ ಹೋಗುವವರೆಗೆ, ಯಾರಿಗೂ ಭೋಜನವಿಲ್ಲ. ಒಮ್ಮೆ ಇಬ್ಬರು ಓರಗಿತ್ತಿಯರು ಮೋರಿ ನೀರಿನ ವಿಷಯಕ್ಕೆ ಪಟ್ಟು ಹಿಡಿದು ಕೂತು, ಇಡೀ ಸಭೆ ಮಧ್ಯಾಹ್ನದವರೆಗೆ ಹಸಿದುಕೊಂಡು ಅವರಿಬ್ಬರಿಗೂ ಛೀಮಾರಿ ಹಾಕಿತ್ತು. ಆಮೇಲೆ ಯಾರೂ ಎದ್ದಿರಲಿಲ್ಲ. ಕೇಳುವುದು ಬಾಯಿಮಾತಿನ ಕ್ರಮವಾಗಿ ಉಳಿದಿತ್ತು.

ಭಾನುವಾರ ರೊಟ್ಟಿ ಹೊತ್ತುಕೊಂಡು ಹೋದಾಗ ಮೊದಲು ಕಂಡದ್ದು ಬ್ಯಾನರ್. ಪಾಸ್ಟರು ನಿಂತು ಬೋಧಿಸುವ ಪುಲ್ಪಿಟ್ಟಿನ ಪಕ್ಕದಲ್ಲಿ ಆಳೆತ್ತರಕ್ಕೆ ನನ್ನ ಗಂಡ. ನಮ್ಮ ಮದುವೆಯ ಫೋಟೋ ಅದು, ನನ್ನನ್ನು ಕತ್ತರಿಸಿ ತೆಗೆದಿದ್ದರು. ನನ್ನ ಭುಜದ ಮೇಲೆ ಅವರಿಟ್ಟಿದ್ದ ಕೈ ಈಗ ಗಾಳಿಯಲ್ಲಿ ತೇಲುತ್ತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, "ಪೇತ್ರನ ಪಡೆಯ ಮೊದಲ ಯೋಧ." ಇಡೀ ಜೀವಮಾನದಲ್ಲಿ ಒಂದು ಇಲಿ ಹೊಡೆಯಲಾರದೆ, ಬೋನಿನಲ್ಲಿ ಸಿಕ್ಕ ಇಲಿಯನ್ನು ಸೈಕಲ್ ಮೇಲೆ ದೂರ ಒಯ್ದು ಬಿಟ್ಟುಬರುತ್ತಿದ್ದ ಮನುಷ್ಯ. ನನಗೆ ನಗು ಬಂತು, ಹಿಂದೆಯೇ ಬಾಯೆಲ್ಲ ಕಹಿಯಾಯಿತು.

ಮುಂದಿನ ಎರಡು ಸಾಲು ಹಸಿರು ಅಂಗಿಗಳು. ಮಗನೂ ಅದರಲ್ಲಿ ಕೂತಿದ್ದ. ಅಂಗಿ ಅವನಿಗೆ ಭುಜದ ಹತ್ತಿರ ಬಿಗಿಯಾಗಿತ್ತು. ಮೊದಲು ಬಂದೂಕು ಕೊಡುವುದು, ಆಮೇಲೆ ಭೋಜನ. ಮೈದುನ ಹೆಸರು ಕರೆದ. ಮಗ ಎದ್ದು ಹೋಗಿ ಬಂದೂಕು ತೆಗೆದುಕೊಂಡ. ಪಾಸ್ಟರು ಅವನ ತಲೆಯ ಮೇಲೆ ಕೈಯಿಟ್ಟು, ಬಂದೂಕಿನ ಕಡೆ ನೋಡದೆ, ಕಣ್ಣು ಗಟ್ಟಿಯಾಗಿ ಮುಚ್ಚಿ ಪ್ರಾರ್ಥಿಸಿದರು. ಉಳಿದವರದೂ ಆಯಿತು. ಪಾಸ್ಟರು ರೊಟ್ಟಿಯ ಮುಂದೆ ನಿಂತು, ಸ್ಟಾಪಿನಲ್ಲಿ ನಿಲ್ಲದೆ ಹೋಗುವ ಬಸ್ಸಿನ ಹಾಗೆ, ಆ ಪ್ರಶ್ನೆಯನ್ನು ಒಂದೇ ಉಸಿರಿನಲ್ಲಿ ಕೇಳಿ ಕೈ ರೊಟ್ಟಿಗೆ ಹಾಕಿದರು.

"ನನಗಿದೆ," ಎಂದು ಎದ್ದು ನಿಂತೆ.

ಎಲ್ಲರೂ ತಿರುಗಿದರು. ಪಾಸ್ಟರ ಕೈ ರೊಟ್ಟಿಯ ಮೇಲೇ ನಿಂತಿತು. "ಅಮ್ಮ, ಇವತ್ತು..."

"ಇವತ್ತೇ. ಬಟ್ಟೆ ಮುಚ್ಚಿ."

ಅವರು ಮುಚ್ಚಿದರು. "ಯಾರ ಮೇಲೆ?" ಎಂದು ಕೇಳುವುದೂ ಕ್ರಮವೇ. ಕೇಳಿದರು.

"ನನ್ನ ಮೈದುನನ ಮೇಲೆ. ಗಂಡ ಸತ್ತದ್ದು ಕೈ ಖಾಲಿ ಇಟ್ಕೊಂಡು. ಆ ಕೈಯ ಹೆಸರಲ್ಲಿ ಇವನು ಬಂದೂಕು ಹಂಚಿದ್ದಾನೆ. ಸತ್ತ ಅಣ್ಣನ ಬಗ್ಗೆ ಕರ್ತನ ಮನೇಲಿ ಸುಳ್ಳು ಬರೆಸಿದ್ದಾನೆ. ಇವನು ಬಂದೂಕು ಆಚೆ ಇಡೋವರೆಗೂ ನಾನು ರಾಜಿಯಾಗಲ್ಲ."

ಅವನು ಸಿಟ್ಟಾಗುತ್ತಾನೆ, ಕೂಗಾಡುತ್ತಾನೆ, ಜನರೆದುರು ಅವನ ಬಣ್ಣ ಬಯಲಾಗುತ್ತದೆ ಎಂದು ನಾನು ಲೆಕ್ಕ ಹಾಕಿದ್ದೆ. ನನ್ನ ಲೆಕ್ಕ ಪೂರ್ತಿ ತಪ್ಪಿತು. ಮೈದುನ ಸಾಲಿನಿಂದ ಹೊರಬಂದು ನೇರ ನನ್ನ ಮುಂದೆ ನಿಂತ. ಆಮೇಲೆ ಮಂಡಿಯೂರಿದ. ಬಂದೂಕು ಬೆನ್ನ ಮೇಲೆ ಹಾಗೇ ಇತ್ತು.

"ಅತ್ತಿಗೆ, ನಿಮ್ಮ ಮನಸ್ಸು ನೋಯಿಸಿದ್ರೆ ಕ್ಷಮಿಸಿ," ಎಂದು ಕೈ ಚಾಚಿದ. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಹಿಂದಿನ ಸಾಲಿನಲ್ಲಿ ಹೆಂಗಸರು ಮೂಗೊರೆಸಿಕೊಂಡರು.

"ಬಂದೂಕು ಆಚೆ ಇಡು, ಆಮೇಲೆ ಕೈ."

ಪಾಸ್ಟರು ಮೆಲ್ಲಗೆ ಹೇಳಿದರು: "ಕ್ಷಮೆ ಕೇಳಿದವನಿಗೆ ಷರತ್ತು ಹಾಕೋ ಹಾಗಿಲ್ಲಮ್ಮ. ಅದೂ ನಮ್ಮ ಕ್ರಮದಲ್ಲಿದೆ."

ಹೌದು, ಇತ್ತು. ಮೋರಿ ನೀರಿನ ದಿನ ಅದನ್ನು ಎತ್ತಿ ಹೇಳಿದವಳೇ ನಾನು. ನನ್ನ ಪಕ್ಕ ಕೂತಿದ್ದ ಮುದುಕಿ ನರ್ಸಮ್ಮ, "ಕೈ ಕೊಡೇ ತಾಯಿ, ಮಗು ಹಾಗೆ ಮಂಡಿ ಮೇಲಿದೆ," ಎಂದರು. ಮಗು! ಅವನಿಗೆ ನಲವತ್ತೈದು. ಇಡೀ ಸಭೆ ನನ್ನನ್ನು ಕಲ್ಲು ಮನಸ್ಸಿನವಳು ಎಂಬಂತೆ ನೋಡುತ್ತಿತ್ತು, ಬಂದೂಕು ಹೊತ್ತವನು ದೀನನಾಗಿ ಕಾಣುತ್ತಿದ್ದ. ಅವನು ಬಂದೂಕು ಇಳಿಸಿದ್ದರೂ ಅವನನ್ನು ಕ್ಷಮಿಸುವ ಮನಸ್ಸು ನನಗಿರಲಿಲ್ಲ ಎಂಬುದೂ ಆಗಲೇ ಗೊತ್ತಾಯಿತು. ನನ್ನ ಹೊಟ್ಟೆಯಲ್ಲಿದ್ದದ್ದೂ ಶಾಂತಿಯಲ್ಲ. ಅದನ್ನು ಒಪ್ಪಿಕೊಳ್ಳದೆ ಅವನ ಬಂದೂಕಿನ ಬಗ್ಗೆ ಮಾತಾಡಲು ನನಗೆ ಮುಖವಿರಲಿಲ್ಲ. ಕೈ ಕೊಟ್ಟೆ. ಅವನು ಅದನ್ನು ಕಣ್ಣಿಗೊತ್ತಿಕೊಂಡ. ಕ್ಷಮಿಸಿದೆ ಎಂದು ಬಾಯಿ ಹೇಳಿತು. ಹೊಟ್ಟೆ ಯಾವತ್ತು ಒಪ್ಪುತ್ತದೋ ಗೊತ್ತಿಲ್ಲ, ಪ್ರಯತ್ನ ಮಾಡುತ್ತಿದ್ದೇನೆ.

ಪಾಸ್ಟರು ನಿಟ್ಟುಸಿರು ಬಿಟ್ಟು ಬಟ್ಟೆ ತೆಗೆದರು.

"ಇನ್ನೊಂದಿದೆ," ಅಂದೆ.

ಯಾರೋ ಅಯ್ಯೋ ಎಂದರು. ಪಾಸ್ಟರು ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತರು. "ಯಾರ ಮೇಲೆ?"

"ನನ್ನ ಮಗನ ಮೇಲೆ."

ಅವನು ತಲೆಯೆತ್ತಿದ. ಬಂದೂಕನ್ನು ಎರಡು ಕೈಯಲ್ಲೂ ಹಿಡಿದಿದ್ದ, ಹೇಗೆ ಹಿಡಿಯಬೇಕೆಂದು ಇನ್ನೂ ಗೊತ್ತಿರಲಿಲ್ಲ. "ನಾನೇನ್ ಮಾಡ್ದೆ ಅಮ್ಮ?"

"ಇನ್ನೂ ಏನೂ ಮಾಡಿಲ್ಲ. ಮಾಡ್ತೀಯ. ಸೇತುವೆಯಾಚೆ ಯಾರೋ ಒಬ್ಬಳು ನನ್ನ ಹಾಗೆ ಆಸ್ಪತ್ರೆ ಬೆಂಚಿನ ಮೇಲೆ ಕೂರ್ತಾಳೆ. ಆಮೇಲೆ ನೀನು ನನ್ನ ಹತ್ರ ಬಂದು ಅಳ್ತೀಯ, ನಾನು ಕ್ಷಮಿಸ್ತೀನಿ. ನೀನು ನನ್ನ ಹೊಟ್ಟೇಲಿ ಹುಟ್ಟಿದವನು, ಕ್ಷಮಿಸದೆ ಏನ್ಮಾಡ್ಲಿ? ಆದ್ರೆ ಇವತ್ತೇ, ಮುಂಗಡವಾಗಿ ಕ್ಷಮಿಸಿ, ಹೋಗಪ್ಪ ಮಾಡು ಅಂತ ಈ ರೊಟ್ಟಿ ನಿನ್ನ ಬಾಯಿಗೆ ಬೀಳೋದು ಬೇಡ. ಅದಕ್ಕೆ ನಾನು ಒಪ್ಪಲ್ಲ. ಬಂದೂಕು ಬಿಟ್ಟು ಬಾ, ಕೈ ಹಿಡೀತೀನಿ. ನೀನು ಕ್ಷಮೆ ಕೇಳಬೇಕಾಗೂ ಇಲ್ಲ."

ಸಾಲಿಗೆ ಮರಳಿದ್ದ ಮೈದುನ ಅವನ ಕಿವಿಯಲ್ಲಿ ಏನೋ ಹೇಳಿದ. ಮಂಡಿಯೂರು ಎಂದಿರಬೇಕು, ತನಗೆ ಸುಲಭವಾಗಿ ಆದದ್ದು ಎಲ್ಲರಿಗೂ ಆಗುತ್ತದೆ ಎಂದುಕೊಂಡು. ಮಗ ಅವನ ಕೈ ಕೊಡವಿದ. ನನ್ನ ಮಗ ಸುಳ್ಳು ಮಂಡಿಯೂರುವವನಲ್ಲ. ಆ ಒಂದು ಗಳಿಗೆ ನನಗೆ ಹೆಮ್ಮೆಯಾಯಿತು, ಆಸೆಯೂ ಹುಟ್ಟಿತು. ಅವನು ಬಂದೂಕನ್ನು ನೋಡಿದ, ನನ್ನನ್ನು ನೋಡಿದ, ಅಪ್ಪನ ಬ್ಯಾನರನ್ನು ನೋಡಿದ.

"ನೀವು ಭೋಜನ ಮಾಡಿ ಪಾಸ್ಟರೇ," ಎಂದ. "ನಾನು ಹೊರಗಿರ್ತೀನಿ."

ಬಂದೂಕು ಹಿಡಿದುಕೊಂಡೇ ನಡುಸಾಲಿನಲ್ಲಿ ನಡೆದು ಹೊರಗೆ ಹೋದ. ನನ್ನ ಪಕ್ಕ ಹಾದುಹೋಗುವಾಗ ನನ್ನ ಮುಖ ನೋಡಲಿಲ್ಲ.

ಒಬ್ಬರು ಹೊರಗೆ ಹೋದರಲ್ಲ, ಕ್ರಮ ಮುಗಿದಂತಾಯಿತು. ಪಾಸ್ಟರು ರೊಟ್ಟಿ ಮುರಿದರು. ಸಾಲುಗಟ್ಟಿ ಹಸಿರು ಅಂಗಿಗಳು ಮುಂದೆ ಹೋದವು, ಬಂದೂಕು ಬೆನ್ನಿಗೆ ಸರಿಸಿಕೊಂಡು ಕೈಯೊಡ್ಡಿದವು. ಮಗ ಶನಿವಾರ ನಾದಿದ ರೊಟ್ಟಿಯನ್ನು ಅವನನ್ನು ಬಿಟ್ಟು ಎಲ್ಲರೂ ತಿಂದರು. ನನ್ನ ಸರದಿ ಬಂದಾಗ ನಾನು ಸಾಲಿನಲ್ಲಿರಲಿಲ್ಲ. ಬಾಗಿಲಿಗೆ ಬಂದಿದ್ದೆ.

ಅವನು ಮೆಟ್ಟಿಲ ಮೇಲೆ, ಅವನಪ್ಪ ನಿಂತಿದ್ದ ಜಾಗದಲ್ಲೇ ನಿಂತಿದ್ದ. ಬಂದೂಕು ರಸ್ತೆಯ ಕಡೆ. ರಸ್ತೆಯಲ್ಲಿ ಸೇತುವೆಯಾಚೆಯ ಒಬ್ಬ ಗಂಡಸು ಚಿಕ್ಕ ಮಗುವಿನ ಕೈ ಹಿಡಿದು ನಡೆದು ಬರುತ್ತಿದ್ದ. ಹಸಿರು ಅಂಗಿ, ಅದರ ಕೈಯಲ್ಲಿನ ಬಂದೂಕು ಕಂಡವನೇ ಮಗುವನ್ನು ಎತ್ತಿಕೊಂಡು ಎದುರಿನ ಗೋಡೆಗೆ ಒತ್ತಿ ನಿಂತ. ನನ್ನ ಮಗನ ಬೆರಳು ಎಲ್ಲಿತ್ತೆಂದು ನನಗೆ ಕಾಣಲಿಲ್ಲ. ಅವನ ಉಸಿರು ಮಾತ್ರ ಕೇಳುತ್ತಿತ್ತು, ಹೆದರಿದವನ ಉಸಿರು.

ನಾನು ಮೆಟ್ಟಿಲಿಳಿದು ಅವನ ಮುಂದೆ ಹೋಗಿ ನಿಂತೆ. ಬೆನ್ನು ಅವನ ಕಡೆ, ಮುಖ ರಸ್ತೆಯ ಕಡೆ.

"ಒಳಗೆ ಹೋಗಮ್ಮ."

ನಾನು ಅಲ್ಲಾಡಲಿಲ್ಲ.

"ಅಮ್ಮ, ಅಡ್ಡ ನಿಂತಿದ್ದೀಯ. ನನಗೆ ರಸ್ತೆ ಕಾಣ್ತಿಲ್ಲ."

"ಗೊತ್ತು," ಅಂದೆ.